ಆಣೆ ಯಾಕೆ ನಿಲ್ಲುವುದಿಲ್ಲ? ಕುಡಿತದ ಚಟ ಹತ್ತುವ ಬಗೆ, ಬಿಡುವ ಬಗೆ

2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಂದಾಗ ಕರ್ನಾಟಕದ ವೈನ್‌ಶಾಪು, ಬಾರು, ಎಂಎಸ್‌ಐಎಲ್ ಅಂಗಡಿ ಎಲ್ಲಕ್ಕೂ ಬೀಗ ಬಿತ್ತು. ಮತ್ತೆ ಬಾಗಿಲು ತೆರೆದದ್ದು ಮೇ 4ಕ್ಕೆ. ನಡುವಿನ ಸುಮಾರು 40 ದಿನಗಳಲ್ಲಿ ರಾಜ್ಯದ ಕುಡಿಯುವವರೆಲ್ಲ ತಮಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಪರೀಕ್ಷೆಗೆ ಕೂತಿದ್ದರು.

ವಾರಕ್ಕೊಮ್ಮೆ ಗೆಳೆಯರ ಜೊತೆ ಕೂರುತ್ತಿದ್ದವರು ಎರಡು ದಿನ ಗೊಣಗಿ ಸುಮ್ಮನಾದರು. ದಿನಾ ಸಂಜೆ ಒಂದೆರಡು ಪೆಗ್ ಹಾಕುತ್ತಿದ್ದವರಿಗೆ ನಿದ್ದೆ ಹತ್ತಲಿಲ್ಲ, ಸಿಡುಕು ಹೆಚ್ಚಿತು. ಬ್ಲ್ಯಾಕಿನಲ್ಲಿ ಸಿಕ್ಕರೆ ದುಪ್ಪಟ್ಟು ಕೊಟ್ಟು ತಂದರು, ಸಿಗದಿದ್ದರೆ ಹೇಗೋ ದಿನ ದೂಡಿದರು. ಇನ್ನು ಕೆಲವರಿಗೆ ಮಾರನೆಯ ದಿನವೇ ಕೈ ನಡುಗತೊಡಗಿತು, ಮೈಯೆಲ್ಲ ಬೆವರಿತು, ತಿಂದದ್ದು ನಿಲ್ಲಲಿಲ್ಲ. ಅವರಲ್ಲಿ ಕೆಲವರಿಗೆ ಫಿಟ್ಸ್ ಬಂತು, ಕೆಲವರು ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕೂಗಿದರು. ಬೆಂಗಳೂರಿನಲ್ಲಿ ಇಂಥ ತೀವ್ರ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುವವರು ಹೆಚ್ಚಾದದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದರು. ಪಕ್ಕದ ಕೇರಳದಲ್ಲಿ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ವೈದ್ಯರೇ ಅದನ್ನು ವಿರೋಧಿಸಿದರು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಕುಡಿಯುತ್ತಿದ್ದದ್ದು ಅದೇ ಮಾಲು, ಬೀಗ ಬಿದ್ದದ್ದೂ ಎಲ್ಲರಿಗೂ ಒಂದೇ ದಿನ. ಒಬ್ಬರಿಗೆ ಬೇಜಾರು ಮಾತ್ರ, ಇನ್ನೊಬ್ಬರಿಗೆ ಜೀವಕ್ಕೇ ಸಂಚಕಾರ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ತಿಳಿಯದೆ ನಮ್ಮ ಮನೆಗಳಲ್ಲಿ ನಡೆಯುವ ಬೈಗುಳ, ಅಳು, ಆಣೆ-ಪ್ರಮಾಣ ಯಾವುದೂ ನಾಟುವುದಿಲ್ಲ.

ಮೊದಲು ಲೆಕ್ಕ ನೋಡೋಣ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವಯಸ್ಸಿನ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ ಕುಡಿತಕ್ಕೆ ಪೂರ್ತಿ ಒಗ್ಗಿಹೋಗಿ ಅದಿಲ್ಲದೆ ಇರಲಾರದವರು 3 ಕೋಟಿಗೆ ಸ್ವಲ್ಪ ಕಡಿಮೆ. ಅಂದರೆ ಕುಡಿಯುವವರೆಲ್ಲ ಚಟಕ್ಕೆ ಬೀಳುವುದಿಲ್ಲ. ಐದಾರು ಜನರಲ್ಲಿ ಒಬ್ಬರು ಬೀಳುತ್ತಾರೆ. ಹಾಗೆ ಬಿದ್ದ 38 ಜನರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ನನಗೆ ಆ ವರದಿಯಲ್ಲಿ ಕಣ್ಣಿಗೆ ಚುಚ್ಚಿದ್ದು ಈ ಕೊನೆಯ ಸಂಖ್ಯೆ.

ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದರೆ "ಸ್ವಲ್ಪ ಸಾರ್, ಒಂದು ಕ್ವಾಟ್ರು" ಎಂಬ ಉತ್ತರ ಬರುತ್ತದೆ. ಆ ಸ್ವಲ್ಪವನ್ನು ಅಳೆದು ನೋಡಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮುಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 42.8. 30 ಎಂಎಲ್‌ನ ಒಂದು ಪೆಗ್ಗಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 10 ಗ್ರಾಂ. ನೈಂಟಿಯಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ 60. ಬೀರು ಕುಡಿದರೆ ಏನೂ ಆಗಲ್ಲ ಎನ್ನುವವರಿಗೂ ಒಂದು ಲೆಕ್ಕ: ಶೇ 8ರ ಸ್ಟ್ರಾಂಗ್ ಬೀರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ, ಅಂದರೆ ನಾಲ್ಕು ಪೆಗ್ಗು. ಪಿತ್ತಜನಕಾಂಗ (ಲಿವರ್) ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದಕ್ಕೂ ಈ ವೇಗವನ್ನು ಹೆಚ್ಚಿಸುವ ಶಕ್ತಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗ್ಗೆ ಎಂಟಕ್ಕೆ ಬೈಕ್ ಹತ್ತಿದಾಗಲೂ ರಕ್ತದಲ್ಲಿ ಮದ್ಯ ಇದ್ದೇ ಇರುತ್ತದೆ.

ಈಗ ಕೈ ನಡುಕದ ವಿಷಯ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳನ್ನು ಶಾಂತಗೊಳಿಸುತ್ತದೆ, ಗ್ಲುಟಮೇಟ್ ಅವನ್ನು ಚುರುಕುಗೊಳಿಸುತ್ತದೆ. ಮದ್ಯ ಮೊದಲನೆಯದರ ಬಲ ಹೆಚ್ಚಿಸಿ ಎರಡನೆಯದನ್ನು ಅಡಗಿಸುತ್ತದೆ. ಅದಕ್ಕೇ ಕುಡಿದಾಗ ಮೈ ಹಗುರಾಗುವುದು, ಹೆದರಿಕೆ ಹೋಗುವುದು, ನಾಲಿಗೆ ತೊದಲುವುದು. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ಹೀಗೆ ಅಡಗಿಸುತ್ತ ಹೋದರೆ ಮಿದುಳು ಸುಮ್ಮನಿರುವುದಿಲ್ಲ. ಶಾಂತಗೊಳಿಸುವ ಏರ್ಪಾಟನ್ನು ತಾನೇ ಇಳಿಸಿಕೊಳ್ಳುತ್ತದೆ, ಚುರುಕುಗೊಳಿಸುವುದನ್ನು ಏರಿಸಿಕೊಳ್ಳುತ್ತದೆ. ಮದ್ಯ ಒಳಗಿದ್ದರೆ ಎಲ್ಲ ಸರಿಸಮ ಎಂಬ ಸ್ಥಿತಿಗೆ ಬಂದುಬಿಡುತ್ತದೆ. ಮೊದಲು ಒಂದು ನೈಂಟಿಗೆ ಏರುತ್ತಿದ್ದ ಅಮಲಿಗೆ ಈಗ ಎರಡು ಕ್ವಾರ್ಟರ್ ಬೇಕು. ಇಂಥವನಿಗೆ ಒಮ್ಮೆಲೇ ಮದ್ಯ ನಿಂತರೆ ಏರಿಸಿಟ್ಟ ಗ್ಲುಟಮೇಟನ್ನು ತಡೆಯುವವರಿಲ್ಲ. ಕೊನೆಯ ಗುಟುಕು ಇಳಿದ ಆರರಿಂದ ಎಂಟು ಗಂಟೆಯೊಳಗೆ ನಡುಕ, ಬೆವರು, ಎದೆ ಬಡಿತ ಶುರು. ಬೆಳಗಿನ ಜಾವಕ್ಕೇ ಎದ್ದು, ಬಾಗಿಲು ತೆರೆಯದ ಅಂಗಡಿಯ ಮುಂದೆ ನಿಲ್ಲುವವರು ಮೋಜಿಗೆ ನಿಂತವರಲ್ಲ. ಎರಡು ಕೈಯಲ್ಲಿ ಹಿಡಿದರೂ ಟೀ ತುಳುಕುತ್ತಿರುತ್ತದೆ; ಒಂದು ಪೌಚು ಒಳಗೆ ಹೋದ ಹತ್ತು-ಹದಿನೈದು ನಿಮಿಷಕ್ಕೆ ಅದೇ ಕೈ ಬೀಡಿ ಹಚ್ಚುವಷ್ಟು ನೆಟ್ಟಗಾಗುತ್ತದೆ. ಆ ಮನುಷ್ಯನ ಪಾಲಿಗೆ ಅದು ಔಷಧಿ.

ಇದರ ಮುಂದಿನ ಹಂತ ಅಪಾಯದ್ದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆಯಂಥ ಸ್ಥಿತಿ ಬರುತ್ತದೆ. ವೈದ್ಯರು ಅದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಜ್ವರ, ಬೆವರು, ನಡುಕದ ಜೊತೆಗೆ ಇಲ್ಲದ ಹುಳುಗಳನ್ನು ಹೊದಿಕೆಯ ಮೇಲಿಂದ ಹೆಕ್ಕುತ್ತಾರೆ. ತಾವೆಲ್ಲಿದ್ದೇವೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಲಾರಿ ಡ್ರೈವರ್ ಮಂಚದ ಮೇಲೆ ಕೂತು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಾನೆ, ಟೈಲರ್ ಕಾಣದ ಸೂಜಿಗೆ ಕಾಣದ ದಾರ ಪೋಣಿಸುತ್ತಾನೆ. ಹಳ್ಳಿಯಲ್ಲಿ ಇದನ್ನು ನೋಡಿದವರು ದೆವ್ವ ಮೆಟ್ಟಿದೆ ಎಂದು ತಾಯಿತ ಕಟ್ಟಿಸಲು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾವು ಸಂಭವಿಸಬಹುದು. ಸಕಾಲಕ್ಕೆ ಆಸ್ಪತ್ರೆ ಸೇರಿದರೆ ಬಹುಪಾಲು ಎಲ್ಲರೂ ಉಳಿಯುತ್ತಾರೆ.

ಆದ್ದರಿಂದ ದಿನಾ ಜಾಸ್ತಿ ಕುಡಿಯುವ, ಬೆಳಗ್ಗೆಯೇ ಶುರು ಮಾಡುವ, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದ ಮನುಷ್ಯನನ್ನು ಕೋಣೆಯಲ್ಲಿ ಕೂಡಿಹಾಕಿ "ನಾಲ್ಕು ದಿನ ಒದ್ದಾಡಲಿ, ಸರಿಹೋಗ್ತಾನೆ" ಎನ್ನಬಾರದು. ಹೀಗೆ ಒಮ್ಮೆಲೇ ನಿಲ್ಲಿಸುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಲ್ಲಿ ಆಗಬೇಕು. ಅಲ್ಲಿ ಡಯಾಜೆಪಾಮ್, ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಗುಂಪಿನ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ಹಂತ ಹಂತವಾಗಿ ಇಳಿಸುತ್ತಾರೆ. ಈ ಮಾತ್ರೆಗಳಿಗೂ ಚಟ ಹತ್ತಿಸುವ ಗುಣವಿದೆ. ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡುವ ಸಾಹಸ ಬೇಡ. ಇನ್ನೊಂದು ಸಂಗತಿ ನಮ್ಮೂರುಗಳಿಗೆ ತುಂಬ ಬೇಕಾದದ್ದು. ಯಾರೇ ಸುಸ್ತಾಗಿ ಬಂದರೂ ಮೊದಲು ಗ್ಲೂಕೋಸ್ ಏರಿಸುವುದು ನಮ್ಮ ಸಣ್ಣ ಕ್ಲಿನಿಕ್ಕುಗಳ ರೂಢಿ. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇದ್ದಬದ್ದ ಚೂರು ಥಯಾಮಿನ್ನೂ ಖರ್ಚಾಗಿ ನೆನಪಿನ ಶಕ್ತಿ ಕಾಯಂ ಆಗಿ ಕೆಡುವ ಸಾಧ್ಯತೆ ಇದೆ. "ಇವರು ದಿನಾ ಕುಡೀತಾರೆ ಡಾಕ್ಟ್ರೇ" ಎಂದು ಮೊದಲೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ನಷ್ಟ ನಿಮ್ಮದೇ.

ಇಲ್ಲಿಯವರೆಗೆ ಹೇಳಿದ್ದು ಮೈಯ ಕಥೆ, ಒಂದು ವಾರ ಹತ್ತು ದಿನದ್ದು. ಆಸ್ಪತ್ರೆಯಿಂದ ಮನೆಗೆ ಬಂದವನ ಕೈ ನಡುಗುವುದಿಲ್ಲ, ಊಟ ಸೇರುತ್ತದೆ, ಮುಖಕ್ಕೆ ಕಳೆ ಬಂದಿರುತ್ತದೆ. ಮನೆಯವರು ಚಟ ಬಿಟ್ಟಿತು ಎಂದುಕೊಳ್ಳುತ್ತಾರೆ. ಮೂರನೆಯ ವಾರ ಅವನು ಕುಡಿದು ಬರುತ್ತಾನೆ. "ಕಳ್ಳ, ಮೋಸಗಾರ, ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದ್ದ" ಎಂದು ರಂಪವಾಗುತ್ತದೆ. ಆದದ್ದು ಇಷ್ಟೇ: ಮೈ ಬಿಟ್ಟಿತ್ತು, ಮಿದುಳಿನ ಇನ್ನೊಂದು ಭಾಗ ಕಲಿತದ್ದನ್ನು ಮರೆತಿರಲಿಲ್ಲ.

1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನ ಒಂದು ಜಾಗಕ್ಕೆ ತೆಳು ತಂತಿ ಇಳಿಸಿ, ಸನ್ನೆ ಒತ್ತಿದಾಗ ಅಲ್ಲಿಗೆ ಸಣ್ಣಗೆ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಬೇರೆ ಕೆಲಸ ಬಿಟ್ಟು ಸನ್ನೆ ಒತ್ತುತ್ತಲೇ ಹೋದವು. ಅದು ಸುಖದ ಕೇಂದ್ರ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಆಮೇಲೆ ತಿಳಿದದ್ದು ಇನ್ನೂ ಸ್ವಾರಸ್ಯದ್ದು. 1990ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಅವುಗಳ ಡೋಪಮಿನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ದೀಪವೊಂದು ಹೊತ್ತಿಕೊಳ್ಳುತ್ತದೆ ಎಂಬುದು ಅಭ್ಯಾಸವಾದ ಮೇಲೆ ಮಿಡಿತ ದೀಪಕ್ಕೆ ಜಾರಿತು. ರಸ ಬಂದಾಗ ಏನೂ ವಿಶೇಷ ಇರಲಿಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ ಮಿಡಿತ ಇದ್ದದ್ದಕ್ಕಿಂತ ಕೆಳಗೆ ಕುಸಿಯಿತು. ಮದ್ಯ, ನಿಕೋಟಿನ್, ಹೆರಾಯಿನ್ ಎಲ್ಲವೂ ಬೇರೆ ಬೇರೆ ದಾರಿಯಲ್ಲಿ ಬಂದು ಕೊನೆಗೆ ಇದೇ ಡೋಪಮಿನ್ನನ್ನು ಏರಿಸುತ್ತವೆ.

ಇದನ್ನು ಮನುಷ್ಯನಿಗೆ ಹಚ್ಚಿ ನೋಡಿ. ಗಾರೆ ಕೆಲಸ ಮುಗಿಸಿ ಕೂಲಿ ಎಣಿಸಿಕೊಂಡ ಹೊತ್ತು, ಬಸ್‌ಸ್ಟ್ಯಾಂಡಿನ ಪಕ್ಕದ ಬೋರ್ಡು, ಕಬಾಬಿನ ವಾಸನೆ, ಒಬ್ಬ ಗೆಳೆಯನ ಮಿಸ್ಡ್ ಕಾಲು. ಇವೆಲ್ಲ ಆ ದೀಪಗಳು. ಕುಡಿಯುವ ಯೋಚನೆ ಬರುವ ಮೊದಲೇ ಮಿದುಳು ಎದ್ದು ಕೂತಿರುತ್ತದೆ, ಸಿಗದಿದ್ದರೆ ಒಳಗೆ ಏನೋ ಕುಸಿದಂತಾಗುತ್ತದೆ. ವರ್ಷಗಟ್ಟಲೆ ನಡೆದ ಮೇಲೆ ಈ ಕಲಿಕೆ ಯೋಚಿಸುವ ಮಿದುಳಿನಿಂದ ಇಳಿದು ಅಭ್ಯಾಸದ ಮಿದುಳಿಗೆ ಹೋಗುತ್ತದೆ. ಗಾಡಿಯಲ್ಲಿ ಯಜಮಾನ ನಿದ್ದೆಹೋದರೂ ಎತ್ತು ಮನೆದಾರಿ ಹಿಡಿಯುವಂತೆ ಕಾಲು ತಾನೇ ಅಂಗಡಿಗೆ ನಡೆಯುತ್ತದೆ. ಚಟ ಹಳೆಯದಾದಷ್ಟೂ "ಈಗ ಕುಡಿದ್ರೂ ಖುಷಿ ಇಲ್ಲ ಸಾರ್, ಬಿಡೋಕೂ ಆಗ್ತಿಲ್ಲ" ಎನ್ನುವವರು ಹೆಚ್ಚು. ಅವರು ನೆಪ ಹೇಳುತ್ತಿಲ್ಲ. ಬೇಕು ಎನ್ನಿಸುವುದು ಮತ್ತು ಹಿಡಿಸುವುದು ಮಿದುಳಿನಲ್ಲಿ ಎರಡು ಬೇರೆ ಏರ್ಪಾಟುಗಳು. ಚಟದಲ್ಲಿ ಮೊದಲನೆಯದು ಉಬ್ಬುತ್ತ ಹೋಗುತ್ತದೆ, ಎರಡನೆಯದು ಸೊರಗುತ್ತದೆ ಎಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ 1993ರಲ್ಲೇ ವಾದಿಸಿದರು.

ಆಣೆ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮಂಜುನಾಥನ ಮೇಲೆ, ಮಾದಪ್ಪನ ಮೇಲೆ ಆಣೆ ಮಾಡುವಾಗ ಮನುಷ್ಯ ಸುಳ್ಳು ಹೇಳುತ್ತಿರುವುದಿಲ್ಲ. ಆಣೆ ಮಾಡುವುದು ಹಣೆಯ ಹಿಂದಿನ, ಮುಂದಾಲೋಚನೆಯ ಮಿದುಳು. ಅದೂ ಬೆಳಗ್ಗೆ, ಪಶ್ಚಾತ್ತಾಪದ ಹೊತ್ತಿನಲ್ಲಿ. ಸಂಜೆ ಆರರ ಹೊತ್ತಿಗೆ ಎದುರಾಗುವುದು ಅಭ್ಯಾಸದ ಮಿದುಳು, ಅದಕ್ಕೆ ಆಣೆ ಕೇಳಿಸುವುದಿಲ್ಲ. ದೀರ್ಘ ಕುಡಿತದಿಂದ ಹಣೆಯ ಹಿಂದಿನ ಆ ಭಾಗವೇ ಸೊರಗಿರುತ್ತದೆ ಬೇರೆ. ಆಣೆ ಮುರಿದ ಪಾಪಭಾರ ಮರುದಿನ ಇನ್ನೊಂದು ಪೆಗ್ಗಿಗೆ ಕಾರಣವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸುವುದನ್ನು ಪೂರ್ತಿ ಬಿಡಬೇಕು. ಅಪ್ಪ ಮತ್ತೆ ಕುಡಿದರೆ ತನಗೇನೋ ಆಗುತ್ತದೆ ಎಂದು ನಂಬಿ ರಾತ್ರಿಯಿಡೀ ಹೆದರುವುದು ಆ ಮಗು.

ಜಾಗ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ವಿಯೆಟ್ನಾಂ ಯುದ್ಧ ಒಂದು ಸಾಕ್ಷಿ. ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ ಸಿಗುತ್ತಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರು. ಅಲ್ಲಿದ್ದಾಗ ಚಟ ಹತ್ತಿತ್ತು ಎಂದವರು ಸುಮಾರು ಐವರಲ್ಲಿ ಒಬ್ಬರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ. ಕಾಡು, ಭಯ, ಬೇಜಾರು, ಜೊತೆಗೆ ಸೇದುತ್ತಿದ್ದ ಗೆಳೆಯರು ಎಲ್ಲ ಹಿಂದೆ ಉಳಿದಿದ್ದವು. ನಮ್ಮ ಕುಡುಕ ಆಸ್ಪತ್ರೆಯಿಂದ ಮರಳುವುದು ಅದೇ ಓಣಿಗೆ, ಅದೇ ಸಾಲಕ್ಕೆ, ಅದೇ ಗೆಳೆಯರ ಬಳಿಗೆ. ಅವನ ಹೋರಾಟ ಆ ಸೈನಿಕರದ್ದಕ್ಕಿಂತ ಕಷ್ಟದ್ದು.

ಹಾಗಾದರೆ ಯಾರಿಗೆ ಹತ್ತುತ್ತದೆ? ಅವಳಿಗಳ ಅಧ್ಯಯನಗಳ ಪ್ರಕಾರ ಅಪಾಯದ ಸುಮಾರು ಅರ್ಧ ಪಾಲು ವಂಶವಾಹಿಯಿಂದ ಬರುತ್ತದೆ. ಇದರಲ್ಲೊಂದು ವಿಚಿತ್ರ ಇದೆ. "ಎಷ್ಟು ಹಾಕಿದ್ರೂ ನಮ್ಮಣ್ಣ ಅಲ್ಲಾಡಲ್ಲ" ಎಂದು ಮದುವೆ ಮನೆಯ ಹಿತ್ತಲಿನಲ್ಲಿ ಹೊಗಳಿಸಿಕೊಳ್ಳುವವನೇ ಹೆಚ್ಚು ಅಪಾಯದಲ್ಲಿರುವವನು. ಕ್ಯಾಲಿಫೋರ್ನಿಯಾದ ಮಾರ್ಕ್ ಶುಕಿಟ್ ಕುಡುಕರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡುಕೊಂಡದ್ದು ಇದನ್ನೇ: ಇಪ್ಪತ್ತರ ಹರೆಯದಲ್ಲಿ ಮದ್ಯ ಬೇಗ ತಲೆಗೇರದವರಲ್ಲಿ ಮುಂದೆ ಚಟ ಹತ್ತಿದವರು ಹೆಚ್ಚು. ಸಾಕು ಎಂದು ಮೈ ಹೇಳುವ ಮಾತು ಅವರಿಗೆ ತಡವಾಗಿ ಕೇಳಿಸುತ್ತದೆ.

ಉಳಿದರ್ಧ ಬದುಕಿನದ್ದು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿದವರು, ಬಾಲ್ಯದಲ್ಲಿ ಹೊಡೆತ-ಅವಮಾನ ಉಂಡವರು, ಖಿನ್ನತೆ, ಆತಂಕ, ನಿದ್ದೆಗೇಡಿಗೆ ಮದ್ಯವನ್ನೇ ಮದ್ದು ಮಾಡಿಕೊಂಡವರು ಬೇಗ ಸಿಕ್ಕಿಬೀಳುತ್ತಾರೆ. ಹಮಾಲಿ, ಗಾರೆ, ಚರಂಡಿ ಕೆಲಸದವರು ಮೈಕೈ ನೋವಿಗೆ, ನಾತಕ್ಕೆ ಕುಡಿಯುತ್ತೇವೆ ಎಂದರೆ ಅದರಲ್ಲಿ ನಿಜವಿದೆ. ಅಂಗಡಿ ಎಷ್ಟು ಹತ್ತಿರ, ಬೆಲೆ ಎಷ್ಟು ಅಗ್ಗ ಎಂಬುದೂ ಲೆಕ್ಕಕ್ಕೆ ಬರುತ್ತದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಸಣ್ಣ ಪೌಚುಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಅಬಕಾರಿ ಆದಾಯ ಬಿಟ್ಟು ಬಜೆಟ್ ಬರೆಯಲಾಗದ ಸರ್ಕಾರ ಅವರಿಗೆ ಏನು ಹೇಳೀತು?

ನಿಮಗೋ ನಿಮ್ಮವರಿಗೋ ಎಲ್ಲಿಗೆ ಬಂದಿದೆ ಎಂದು ನೋಡಲು ಅಮೆರಿಕದ ಜಾನ್ ಯೂಯಿಂಗ್ ಎಂಬ ವೈದ್ಯರು ರೂಪಿಸಿದ ನಾಲ್ಕು ಪ್ರಶ್ನೆ ಸಾಕು. ಕುಡಿತ ಕಡಿಮೆ ಮಾಡಬೇಕು ಎಂದು ಎಂದಾದರೂ ಅನ್ನಿಸಿದೆಯೇ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಆಡಿದರೆ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ತಪ್ಪು ಮಾಡಿದೆ ಎಂಬ ಭಾವನೆ ಕಾಡಿದೆಯೇ? ಬೆಳಗ್ಗೆ ಎದ್ದವರೇ ನಡುಕಕ್ಕೋ ತಲೆಭಾರಕ್ಕೋ ಕುಡಿದದ್ದುಂಟೇ? ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣಬೇಕು. ನಾಲ್ಕನೆಯದೊಂದಕ್ಕೇ ಹೌದು ಎಂದರೂ ನಾನಾದರೆ ತಡಮಾಡುವುದಿಲ್ಲ.

ಚಿಕಿತ್ಸೆಯ ಎರಡನೆಯ ಭಾಗ, ಅಂದರೆ ಕಲಿತದ್ದನ್ನು ಸಡಿಲಿಸುವುದು, ತಿಂಗಳುಗಳ ಕೆಲಸ. ಹಂಬಲ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳಿವೆ; ಇವು ನಮ್ಮ ಊರುಗಳಲ್ಲಿ ಗೊತ್ತಿರುವುದು ಕಡಿಮೆ. ಎಲ್ಲರಿಗೂ ಗೊತ್ತಿರುವುದು ಡೈಸಲ್ಫಿರಾಂ. ಅದನ್ನು ನುಂಗಿದವರು ಕುಡಿದರೆ ಮದ್ಯ ಅರ್ಧ ಕರಗಿ ಅಸಿಟಾಲ್ಡಿಹೈಡ್ ಎಂಬ ವಿಷದ ಹಂತದಲ್ಲೇ ನಿಂತುಬಿಡುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದು ಬಿಪಿ ಇಳಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ಸಲಹೆಯಲ್ಲಿ ತೆಗೆದುಕೊಂಡರೆ ಒಳ್ಳೆಯ ಕಾವಲು. ಗೊತ್ತಿಲ್ಲದಂತೆ ಸಾರಿಗೆ, ಮಜ್ಜಿಗೆಗೆ ಬೆರೆಸಿ ಕೊಟ್ಟರೆ ಜೀವ ಹೋಗಬಹುದು. ಬಸ್ಸಿನ ಹಿಂದೆ, ಗೋಡೆಯ ಮೇಲೆ "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಎಂದು ಬರೆದಿರುವ ಪುಡಿಗಳಲ್ಲಿ ಏನಿದೆ ಎಂದು ಬರೆದಿರುವುದಿಲ್ಲ. ಅವುಗಳ ಹತ್ತಿರ ಹೋಗಬೇಡಿ.

ಮಾತ್ರೆಯ ಜೊತೆಗೆ ಆಪ್ತಸಮಾಲೋಚನೆ ಬೇಕು. ಅಲ್ಲಿ ಉಪದೇಶಕ್ಕಿಂತ ಲೆಕ್ಕಾಚಾರ ಜಾಸ್ತಿ: ಶನಿವಾರದ ಕೂಲಿಯನ್ನು ಯಾರ ಕೈಗೆ ಕೊಡುವುದು, ಯಾವ ದಾರಿ ಬಿಟ್ಟು ಯಾವ ದಾರಿಯಲ್ಲಿ ಮನೆಗೆ ಬರುವುದು, ಹಂಬಲ ಎದ್ದ ಅರ್ಧ ಗಂಟೆಯಲ್ಲಿ ಏನು ಮಾಡುವುದು. ಆ ಹಂಬಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿದುಬಿಡುತ್ತದೆ ಎಂಬುದು ಗೊತ್ತಿದ್ದರೇ ಒಂದು ಧೈರ್ಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಹಳ್ಳಿಗಳಲ್ಲಿ ಅನೇಕರು ನೋಡಿದ್ದೀರಿ. ಶಿಬಿರದ ದಿನಗಳಿಗಿಂತ ಅದರ ನಂತರ ನಡೆಯುವ ನವಜೀವನ ಸಮಿತಿಗಳ ಸಭೆಗೆ ತಪ್ಪದೆ ಹೋಗುವುದರಲ್ಲಿ ಹೆಚ್ಚು ಉಪಯೋಗವಿದೆ ಎಂದು ನನಗನ್ನಿಸುತ್ತದೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ನಡೆದಿರುವುದೂ ಇದೇ ದಾರಿಯಲ್ಲಿ: ಕುಡಿತ ಬಿಟ್ಟವರು ಬಿಡುತ್ತಿರುವವರ ಜೊತೆ ಕೂತು ಮಾತಾಡುವುದು. ಬೆಂಗಳೂರಿನಲ್ಲಿ ಅದರ ಸಭೆಗಳಿವೆ, ಕಾಸು ಕೊಡಬೇಕಿಲ್ಲ.

ಬಿಟ್ಟವರು ಮತ್ತೆ ಕುಡಿದರೆ? ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ಮನೆಯಿಂದ ಓಡಿಸುವುದಿಲ್ಲ, ಡಾಕ್ಟರ ಬಳಿ ಕರೆದೊಯ್ಯುತ್ತೇವೆ. ಇಲ್ಲೂ ಮಾಡಬೇಕಾದದ್ದು ಅದನ್ನೇ, ಮೊದಲ ಎರಡು ದಿನದಲ್ಲೇ. ಹಾಗೆಂದು ಹೊಡೆತ ಸಹಿಸಬೇಕಿಲ್ಲ. ಕಾಯಿಲೆ ಎಂಬುದು ಹೆಂಡತಿಯ ಮೇಲೆ ಕೈ ಮಾಡಲು ಪರವಾನಗಿ ಆಗುವುದಿಲ್ಲ. ಅವನ ಸಾಲ ತೀರಿಸುವುದು, ರಜೆಗೆ ಸುಳ್ಳು ಹೇಳುವುದು, ಕುಡಿದಿರುವಾಗ ವಾದಕ್ಕಿಳಿಯುವುದು ಇವನ್ನು ಮನೆಯವರು ನಿಲ್ಲಿಸಬಹುದು. ಮಾತಾಡುವುದಿದ್ದರೆ ಬೆಳಗ್ಗೆ, ಅಮಲು ಇಳಿದ ಮೇಲೆ, ಒಬ್ಬರೇ, ಚಿಕ್ಕದಾಗಿ ಮಾತಾಡಿ.

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಬರಲಾಗದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ವಾರ ಎಂದು ಕೇಳಿಕೊಳ್ಳಿ. ಫಿಟ್ಸ್ ಬಂದರೆ, ಗುರುತು-ಪರಿಚಯ ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ಶುಲ್ಕವಿಲ್ಲ. ಕರೆ ಮಾಡುವವರು ಕುಡಿಯುವವರೇ ಆಗಿರಬೇಕಿಲ್ಲ. ಹೆಂಡತಿ, ತಾಯಿ, ಮಗಳು, ಪಕ್ಕದ ಮನೆಯವರು ಯಾರು ಬೇಕಾದರೂ ಮಾಡಬಹುದು.